ಖಾಲಿ ಕುರ್ಚಿಗಳಿಗೆ

ಶೋ ಇದ್ದದ್ದು ರಾತ್ರಿ ಎಂಟಕ್ಕೆ.
ಅವಳು ಬೆಳಗ್ಗೆ ಹನ್ನೊಂದಕ್ಕೇ ಬಂದಳು,
ನಾವಿನ್ನೂ ಶಾಮಿಯಾನದ ಗೂಟ ಹೊಡೆಯುತ್ತಿದ್ದೆವು.
ಕುಂಬಳೆ ಪೇಟೆಯ ಗೋಡೆಗಳಲ್ಲೆಲ್ಲ
ಬೆಂಕಿ ಕೂದಲಿನ ಜಸಿಂತಾ;
ಎದುರಿಗೆ ನಿಂತವಳ ಕಾಲಲ್ಲಿ ಹವಾಯಿ ಚಪ್ಪಲಿ,
ಕೊರಳಿಗೆ ಸುತ್ತಿದ ಬೈರಾಸು, ಕೈಯಲ್ಲೊಂದು ಬಿಸಿನೀರಿನ ಬಾಟಲಿ.
ಅಂದುಂಞಿ ಮೆಲ್ಲ ಕೇಳಿದ:
ಹಾಡುವವಳು ಯಾವಾಗ ಬರುವುದು?

ಮೊದಲು ವಿಚಾರಿಸಿದ್ದು ರೈಲಿನ ಹೊತ್ತು.
ಮೈದಾನದ ಬೆನ್ನಿಗೇ ಹಳಿ, ಹಳಿಯಾಚೆ ಕಡಲು.
ಕಡಲಿನದು ತೊಂದರೆಯಿಲ್ಲ, ಅದು ಶ್ರುತಿ ಬಿಡುವುದಿಲ್ಲ, ಎಂದಳು,
ರೈಲು ಮಾತ್ರ ನನ್ನ ಮೌನದೊಳಗೆ ನುಗ್ಗಬಾರದು.
ನಾಲ್ಕನೇ ಹಾಡಿನ ನಡುವೆ ಮೂರು ಸೆಕೆಂಡು
ಎಲ್ಲ ನಿಲ್ಲುತ್ತದಂತೆ,
ಡ್ರಮ್ಮು, ದೀಪ, ಅವಳ ಉಸಿರು ಸಹ.
ಆ ಮೂರು ಸೆಕೆಂಡಿಗಾಗಿ ಸ್ಟೇಷನ್ನಿಗೆ ಹೋಗಿ
ಗೂಡ್ಸು ಗಾಡಿಯ ಲೆಕ್ಕವನ್ನೂ ತಂದವನು ನಾನು.
ಅಂಗೈಯಲ್ಲಿ ಬರೆದುಕೊಂಡಳು,
ಪರೀಕ್ಷೆಗೆ ಹೊರಟ ಕಳ್ಳ ಹುಡುಗರ ಹಾಗೆ.

ಆಮೇಲೆ ಶುರು.
ಒಂದು ಸಾಲು. ಅದೇ ಸಾಲು. ಇನ್ನೊಮ್ಮೆ.
ಅಣ್ಣಾ, ಎಡಗಡೆ ಪೆಟ್ಟಿಗೆಯಲ್ಲಿ ಏನೋ ಗುಂಯ್ ಅನ್ನುತ್ತದೆ.

ಇಪ್ಪತ್ತೆರಡು ವರ್ಷದ ಮೈಕ್ ಸೆಟ್ಟು ನನ್ನದು, ಮಾರಾಯ್ರೆ!
ಮದುವೆ, ಉರೂಸು, ಆಟ, ತಾಳಮದ್ದಳೆ,
ಮೂರು ಪಕ್ಷದವರೂ ಬೈದುಕೊಂಡದ್ದು ಇದೇ ಪೆಟ್ಟಿಗೆಯಲ್ಲಿ,
ಗುಂಯ್ ಅಂತ ಒಬ್ಬ ಹೇಳಿದ್ದುಂಟಾ?
ಸಿಟ್ಟಿನಲ್ಲೇ ಬಿಚ್ಚಿದೆ.
ಒಳಗೆ ಕುಂಬಾರ ಹುಳು ಕಟ್ಟಿ ಬಿಟ್ಟುಹೋದ ಗೂಡು,
ಕಡಲೆಕಾಳಿನಷ್ಟು ಮಣ್ಣು,
ಕಾಗದದ ಅಂಚಿಗೆ ತಾಗಿಯೂ ತಾಗದೆ.
ಎಷ್ಟು ಮಂದಿಯ ಭಾಷಣದೊಳಗೆ
ಆ ಹುಳುವೂ ಒಂದು ಮಾತು ಸೇರಿಸಿತ್ತೋ!
ನಾನು ನಕ್ಕೆ. ಅವಳು ನಗಲಿಲ್ಲ.
ಇನ್ನೊಮ್ಮೆ, ಎಂದಳು.

ಒಳ್ಳೆಯವಳು ಅಂತ ನಾನು ಹೇಳುವುದಿಲ್ಲ.
ಮೂರು ಗಂಟೆಯ ಬಿಸಿಲಿಗೆ ತಗಡು ಸುಡುತ್ತಿತ್ತು,
ಡ್ರಮ್ಮಿನ ಹುಡುಗ ಲಾರಿಯ ಹಿಂದೆ ಕೂತು
ಮೂಗೊರೆಸಿಕೊಳ್ಳುವುದನ್ನು ಕಂಡಿದ್ದೇನೆ.
ಊಟದ ಪೊಟ್ಟಣಗಳು ಹಾಗೇ ತಣಿದವು.
ತನ್ನದನ್ನೂ ಅವಳು ಬಿಚ್ಚಿರಲಿಲ್ಲ,
ಅದನ್ನೂ ಕಂಡಿದ್ದೇನೆ.

ರಾತ್ರಿ ಜನವೋ ಜನ.
ಮಂಜೇಶ್ವರದಿಂದ, ಬದಿಯಡ್ಕದಿಂದ, ಚೆರ್ಕಳದಿಂದ,
ಮರದ ಮೇಲೆ, ಮತಿಲಿನ ಮೇಲೆ, ಅಂಗಡಿಯ ಹೆಂಚಿನ ಮೇಲೆ.
ನಾಲ್ಕನೇ ಹಾಡು ಬಂತು. ನಿಂತಿತು.
ಒಂದು.
ಎರಡು.
ದೂರದಲ್ಲೊಂದು ಅಲೆ ಮಗುಚಿದ್ದು
ಹತ್ತು ಸಾವಿರ ಮಂದಿಗೆ ಒಟ್ಟಿಗೆ ಕೇಳಿತು.

ಎಲ್ಲ ಮುಗಿದು ಒಂದೂವರೆಗೆ
ವೈರು ಸುತ್ತುತ್ತಿದ್ದೆ. ಬಂದಳು, ಬರಿಗಾಲಲ್ಲಿ.
ಮೈಕು ಬಿಚ್ಚಿದಿರಾ?
ಏಳನೇ ಹಾಡಿನಲ್ಲಿ ಒಂದು ಸ್ವರ ಇಳಿದಿತ್ತಂತೆ.
ಯಾರಿಗೂ ಗೊತ್ತಾಗಲಿಲ್ಲ ಅಕ್ಕಾ, ಎಂದೆ.
ನನ್ನ ಮುಖ ನೋಡಿದಳು,
ನಾನೇ ಆ ತಪ್ಪು ಮಾಡಿದವನ ಹಾಗೆ.

ಜನರೇಟರ್ ಎಳೆದೆ. ಒಂದು ದೀಪ ಹಾಕಿದೆ.
ನೆಲಗಡಲೆ ಸಿಪ್ಪೆಗೂ, ಒಂಟಿ ಚಪ್ಪಲಿಗೂ,
ಸಾಲು ತಪ್ಪಿ ಬಿದ್ದಿದ್ದ ಕುರ್ಚಿಗಳಿಗೂ
ಅವಳು ಆ ಒಂದು ಸಾಲು ಹಾಡಿದಳು.
ಅಂದುಂಞಿಯ ತಲೆಯ ಮೇಲೆ ಏಳು ಕುರ್ಚಿ;
ಇಳಿಸಿದರೆ ಸದ್ದಾದೀತೆಂದು
ಹಾಗೇ ನಿಂತ, ಬೆವರೊರೆಸದೆ.

ಮುಗಿಸಿ ತಲೆಯಾಡಿಸಿದಳು.
ಸರಿ ಎಂದೋ ಅಲ್ಲ ಎಂದೋ
ಕತ್ತಲಲ್ಲಿ ತಿಳಿಯಲಿಲ್ಲ.

ಅಂದಿನಿಂದ ಸುಖವಿಲ್ಲ ಈ ಕಿವಿಗೆ.
ಫ್ರಿಜ್ಜು ಗುಂಯ್, ಫ್ಯಾನು ಗುಂಯ್,
ನನ್ನದೇ ಹಲೋ ಹಲೋದಲ್ಲೂ ಏನೋ ಉಳಿದ ಹಾಗೆ.
ಸಾಕು ಮಾರಾಯ, ಕೇಳ್ತದೆ, ಎನ್ನುತ್ತಾರೆ ಮದುಮಗನ ಮಾವಂದಿರು;
ನಾನು ಮತ್ತೆ ಪೆಟ್ಟಿಗೆ ಬಿಚ್ಚುತ್ತೇನೆ.
ಆ ಮಣ್ಣಿನ ಗೂಡು ಬೆಂಕಿಪೊಟ್ಟಣದಲ್ಲುಂಟು.

ಒಂದು ಸಾಲಿಗೆ ಸುಟ್ಟ ಡೀಸೆಲಿನ ದುಡ್ಡು
ಕಮಿಟಿಯವರು ಇವತ್ತಿಗೂ ಕೊಟ್ಟಿಲ್ಲ.
ಕೇಳಲಿಕ್ಕೆ ಹೋಗಲಿಲ್ಲ ನಾನು.
ಕೇಳಿದ್ದೇ ಸಾಕು.